ಜೋಹೋರ್ ಏರಿ ದಾಟುವಾಗ ಫೋನಿಗೆ ಏನಾಗುತ್ತದೆ: ಸಿಂಗಾಪುರ–ಮಲೇಷ್ಯಾ ಪ್ರವಾಸಕ್ಕೆ ಮೊಬೈಲ್ ಡೇಟಾ ಆರಿಸುವ ಬಗೆ

ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೊರಡುವ ಎಷ್ಟೋ ಕುಟುಂಬಗಳು ಅದೇ ಓಡಾಟದಲ್ಲಿ ಮಲೇಷ್ಯಾವನ್ನೂ ನೋಡಿಕೊಂಡು ಬರುತ್ತವೆ. ಮೂರು ನಾಲ್ಕು ದಿನ ಸಿಂಗಾಪುರದಲ್ಲಿ ಕಳೆದು, ಬಸ್ಸು ಹಿಡಿದು ಮಲಕ್ಕಾ ಅಥವಾ ಕೌಲಾಲಂಪುರ ತಲುಪಿ, ಬಾಟು ಗುಹೆಗಳ ಮೆಟ್ಟಿಲು ಹತ್ತಿ ಮುರುಗನಿಗೆ ಕೈಮುಗಿದು, ಅಲ್ಲಿಂದಲೇ ವಿಮಾನದಲ್ಲಿ ಊರಿಗೆ ಮರಳುವುದು ರೂಢಿಯ ದಾರಿ. 2023ರ ಡಿಸೆಂಬರ್ 1ರಿಂದ ಮಲೇಷ್ಯಾ ಭಾರತೀಯರಿಗೆ 30 ದಿನಗಳ ಮಟ್ಟಿಗೆ ವೀಸಾ ಇಲ್ಲದೆ ಪ್ರವೇಶ ಕೊಡತೊಡಗಿದ ಮೇಲೆ ಈ ಜೋಡಿ ಪ್ರವಾಸ ಇನ್ನಷ್ಟು ಸಲೀಸಾಗಿದೆ. ಟಿಕೆಟ್ಟು, ಹೋಟೆಲ್ಲು, ಸಿಂಗಾಪುರದ ವೀಸಾ ಇವನ್ನೆಲ್ಲ ಮೊದಲೇ ನೋಡಿಕೊಳ್ಳುವ ನಾವು ಮೊಬೈಲ್ ಡೇಟಾವನ್ನು ಮಾತ್ರ ಹೊರಡುವ ಹಿಂದಿನ ರಾತ್ರಿಗೆ ಬಿಟ್ಟಿರುತ್ತೇವೆ. ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದು ಎಷ್ಟು ಜಿಬಿ, ಎಷ್ಟು ರೂಪಾಯಿ ಎಂಬ ಎರಡೇ ಅಂಕಿ. ಒಂದೇ ದೇಶಕ್ಕೆ ಹೋಗುವವರಿಗೆ ಅವೆರಡು ಸಾಕಾಗಬಹುದು. ಒಂದಕ್ಕೊಂದು ಅಂಟಿಕೊಂಡಿರುವ ಎರಡು ದೇಶಗಳಿಗೆ ಹೋಗುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಗಡಿಯ ಹತ್ತಿರ ಇರುವಾಗ ಮತ್ತು ಗಡಿ ದಾಟುವಾಗ ನಮ್ಮ ಫೋನು ಯಾವ ದೇಶದ ಟವರನ್ನು ಹಿಡಿಯುತ್ತದೆ, ನಾವು ಕೊಟ್ಟ ಹಣ ಆ ಟವರಿಗೂ ಸಲ್ಲುತ್ತದೆಯೇ?

ಈ ಪ್ರಶ್ನೆ ನನಗೆ ಹೊಳೆದದ್ದು ಅಮ್ಮನ ಫೋನಿನಿಂದ. ಸಿಂಗಾಪುರದ ವಾಯವ್ಯ ಮೂಲೆಯಲ್ಲಿ ಸುಂಗೈ ಬುಲೋ ಎಂಬ ಜವುಗು ನೆಲದ ಅಭಯಾರಣ್ಯವಿದೆ. ಕಾಂಡ್ಲಾ ಗಿಡಗಳ ನಡುವೆ ನಡೆದಾಡಲು ದಾರಿ, ಕೆಸರಿನಲ್ಲಿ ಅಲುಗಾಡದೆ ಬಿದ್ದಿರುವ ಮೊಸಳೆ, ನೀರಿನಾಚೆ ಮಲೇಷ್ಯಾದ ಜೋಹೋರ್ ದಡ. ಅಲ್ಲಿ ಅರ್ಧ ದಿನ ಕಳೆದ ಅಮ್ಮ ಆ ದಿನ ಸಿಂಗಾಪುರದ ನೆಲ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಟ್ಟಿರಲಿಲ್ಲ. ಅವರ ಭಾರತೀಯ ಪೋಸ್ಟ್‌ಪೇಯ್ಡ್ ನಂಬರಿಗೆ ಹಾಕಿಸಿದ್ದು ಸಿಂಗಾಪುರಕ್ಕೆ ಮಾತ್ರ ಸಲ್ಲುವ ರೋಮಿಂಗ್ ಪ್ಯಾಕ್. ಮಧ್ಯಾಹ್ನ ನಾನು ಅವರ ಫೋನಿನಲ್ಲಿ ದಾರಿ ನೋಡಲು ಹೋದಾಗ ಪರದೆಯ ಮೇಲಂಚಿನಲ್ಲಿ ಸಿಂಗಾಪುರದ ಕಂಪನಿಯ ಹೆಸರಿರಬೇಕಾದ ಕಡೆ ಮಲೇಷ್ಯಾದ ಕಂಪನಿಯ ಹೆಸರು ಕಂಡಿತು. ಅಷ್ಟರಲ್ಲಿ ಬೆಳಗಿನಿಂದ ತೆಗೆದ ಫೋಟೊಗಳೆಲ್ಲ ತಾವಾಗಿಯೇ ಕ್ಲೌಡಿಗೆ ಏರುತ್ತಿದ್ದವು. ಊರಿಗೆ ಬಂದ ಮೇಲೆ ಆ ಅರ್ಧ ದಿನಕ್ಕೆ ಬಂದ ಬಿಲ್ಲು ಇಡೀ ಪ್ಯಾಕಿನ ಬೆಲೆಯನ್ನು ಮೀರಿತ್ತು. ಪ್ಯಾಕಿನಲ್ಲಿ ಸಿಂಗಾಪುರ ಎಂದು ಬರೆದಿತ್ತು, ಫೋನು ಹಿಡಿದದ್ದು ಮಲೇಷ್ಯಾವನ್ನು ಎಂದು ಗ್ರಾಹಕ ಸೇವೆಯವರು ಹೇಳಿದರು. ಅವರ ಲೆಕ್ಕ ಸರಿಯೇ ಇತ್ತು. ಆಯ್ಕೆ ಮಾಡಿದ ನನಗೆ ವಿಷಯ ತಿಳಿದಿರಲಿಲ್ಲ.

ಟವರಿಗೆ ಗಡಿ ಕಾಣದು

ಪ್ರತಿಯೊಂದು ಮೊಬೈಲ್ ನೆಟ್‌ವರ್ಕೂ ತನ್ನ ಟವರುಗಳಿಂದ ಒಂದು ಗುರುತಿನ ಸಂಖ್ಯೆಯನ್ನು ಸದಾ ಬಿತ್ತರಿಸುತ್ತಿರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ: ಸಿಂಗಾಪುರಕ್ಕೆ 525, ಮಲೇಷ್ಯಾಕ್ಕೆ 502, ನಮ್ಮ ಭಾರತಕ್ಕೆ 404 ಮತ್ತು 405. ನಿಮ್ಮ ಸಿಮ್ಮಿನಲ್ಲಿಯೂ ಅಂಥದ್ದೇ ಒಂದು ಸಂಖ್ಯೆ ಇರುತ್ತದೆ. ಎರಡೂ ಹೊಂದಿದರೆ ಫೋನು ತವರಿನಲ್ಲಿದೆ ಎಂದರ್ಥ, ಹೊಂದದಿದ್ದರೆ ಅದು ರೋಮಿಂಗ್. ಹೊರದೇಶದಲ್ಲಿ ಚಾಲೂ ಆದ ಫೋನು ಸಿಮ್ಮಿನೊಳಗೆ ಬರೆದಿಟ್ಟ ಆದ್ಯತೆಯ ಪಟ್ಟಿಯನ್ನು ನೋಡಿ, ಸಿಗ್ನಲ್ ಸಿಗುವ ನೆಟ್‌ವರ್ಕುಗಳಲ್ಲಿ ಒಂದರ ಬಾಗಿಲು ತಟ್ಟುತ್ತದೆ. ಆ ನೆಟ್‌ವರ್ಕು ಬೆಂಗಳೂರಿನ ನಿಮ್ಮ ಕಂಪನಿಯನ್ನು ಕೇಳಿ, ಒಪ್ಪಿಗೆ ಬಂದ ಮೇಲೆ ಫೋನನ್ನು ಒಳಗೆ ಬಿಡುತ್ತದೆ.

ಒಮ್ಮೆ ಒಳಗೆ ಹೋದ ಫೋನು ಆ ನೆಟ್‌ವರ್ಕನ್ನು ಸುಲಭಕ್ಕೆ ಬಿಡುವುದಿಲ್ಲ. ರೋಮಿಂಗಿನಲ್ಲಿರುವಾಗ ಅದು ಆಗಾಗ ಇದಕ್ಕಿಂತ ಮೇಲಿನ ಆದ್ಯತೆಯ ನೆಟ್‌ವರ್ಕು ಇದೆಯೇ ಎಂದು ಹುಡುಕುತ್ತದೆ. ಈ ಹುಡುಕಾಟದ ಅಂತರ ಸಿಮ್ಮಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ 60 ನಿಮಿಷ. ಆದರೆ ಅದು ಹುಡುಕುವುದು ತಾನು ಈಗ ಹಿಡಿದಿರುವ ದೇಶದ ನೆಟ್‌ವರ್ಕುಗಳಲ್ಲಿ ಮಾತ್ರ. ಸಿಂಗಾಪುರದ ಟವರನ್ನು ಹಿಡಿದಿರುವ ಫೋನಿಗೆ, ಮಲೇಷ್ಯಾದಲ್ಲಿ ಇನ್ನೂ ಒಳ್ಳೆಯ ಸಿಗ್ನಲ್ ಇದೆ, ಅಲ್ಲಿಗೆ ಹೋಗೋಣ ಎಂಬ ಯೋಚನೆ ಸಾಮಾನ್ಯವಾಗಿ ಬರುವುದಿಲ್ಲ. ಹಿಡಿದ ಸಿಗ್ನಲ್ ಪೂರ್ತಿ ಕೈಬಿಟ್ಟಾಗಲೇ ಅದು ಹೊಸದಾಗಿ ಎಲ್ಲವನ್ನೂ ಹುಡುಕತೊಡಗುತ್ತದೆ, ಆಗ ಮೊದಲು ಯಾವುದು ಗಟ್ಟಿಯಾಗಿ ಕೇಳಿಸುತ್ತದೋ ಅದು ಯಾವ ದೇಶದ್ದಾದರೂ ಅದಕ್ಕೆ ಸರಿಯೇ.

ಸಿಂಗಾಪುರ ಮತ್ತು ಜೋಹೋರ್ ನಡುವಿನ ಜಲಸಂಧಿಗೆ ಅಡ್ಡವಾಗಿ ಕಲ್ಲು ಮಣ್ಣು ತುಂಬಿ ಕಟ್ಟಿದ ಏರಿ ರಸ್ತೆ 1924ರಲ್ಲಿ ವಿಧ್ಯುಕ್ತವಾಗಿ ತೆರೆದದ್ದು. ಅದರ ಉದ್ದ ಸುಮಾರು ಒಂದು ಕಿಲೋಮೀಟರ್. ಪಶ್ಚಿಮದಲ್ಲಿ ತುವಾಸ್ ಬಳಿ 1998ರಲ್ಲಿ ತೆರೆದ ಎರಡನೆಯ ಸೇತುವೆಯ ಉದ್ದ ಎರಡು ಕಿಲೋಮೀಟರಿನ ಒಳಗೇ ಇದೆ. ನಮ್ಮ ದೊಡ್ಡ ಕೆರೆಗಳ ಏರಿಯಷ್ಟೇ ಉದ್ದದ ಈ ಅಂತರವನ್ನು ರೇಡಿಯೊ ತರಂಗ ಯಾವ ಅಡ್ಡಿಯೂ ಇಲ್ಲದೆ ನೀರಿನ ಮೇಲೆ ದಾಟುತ್ತದೆ. ಆದ್ದರಿಂದ ಸುಂಗೈ ಬುಲೋ, ಕ್ರಾಂಜಿ, ವುಡ್‌ಲ್ಯಾಂಡ್ಸ್ ದಡ, ಪುಲಾವ್ ಉಬಿನ್ ದ್ವೀಪ ಇಂಥ ಕಡೆ ಸಿಂಗಾಪುರದೊಳಗಿದ್ದೇ ಮಲೇಷ್ಯಾದ ನೆಟ್‌ವರ್ಕು ಸಿಗುತ್ತದೆ. ಆಚೆ ಮಲೇಷ್ಯಾದ ಗಡಿ ನಗರವಾದ ಜೋಹೋರ್ ಬಾರುವಿನ ದಡದಲ್ಲಿ ಸಿಂಗಾಪುರದ ನೆಟ್‌ವರ್ಕು ಬಹಳ ಹೊತ್ತು ಫೋನನ್ನು ಬಿಡದೆ ಹಿಡಿದಿರುತ್ತದೆ. ದಕ್ಷಿಣದಲ್ಲಿ ಬಾಟಮ್ ದ್ವೀಪಕ್ಕೆ ದೋಣಿ ಹತ್ತಿದವರಿಗೆ ಇಂಡೊನೇಷ್ಯಾದ ನೆಟ್‌ವರ್ಕಿನೊಡನೆ ಇದೇ ಅನುಭವವಾಗುತ್ತದೆ.

ಯುರೋಪಿನ ಒಕ್ಕೂಟದಲ್ಲಿ ಈ ತಲೆನೋವು ಬಹುಮಟ್ಟಿಗೆ ಇಲ್ಲ. 2017ರ ಜೂನ್ 15ರಿಂದ ಅಲ್ಲಿ ಒಂದು ಸದಸ್ಯ ರಾಷ್ಟ್ರದ ಸಿಮ್ಮು ಮತ್ತೊಂದರಲ್ಲಿ ತವರಿನ ದರದಲ್ಲೇ ನಡೆಯುತ್ತದೆ. ಸಿಂಗಾಪುರ ಮತ್ತು ಮಲೇಷ್ಯಾ ನಡುವೆ ಅಂಥ ವ್ಯವಸ್ಥೆ ಇಲ್ಲವಾದ್ದರಿಂದ, ಎರಡೂ ದೇಶಗಳನ್ನು ಯಾವ ಪ್ಯಾಕ್ ಒಳಗೊಂಡಿದೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಇರುವ ನಾಲ್ಕು ದಾರಿಗಳು

ಮೊದಲನೆಯದು ನಮ್ಮದೇ ಭಾರತೀಯ ಕಂಪನಿಯ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್. ಜಿಯೊ, ಏರ್‌ಟೆಲ್, ವಿ ಮೂರೂ ಕಂಪನಿಗಳು ಇಂಥ ಪ್ಯಾಕ್ ಮಾರುತ್ತವೆ. ಸಿಮ್ಮು ಬದಲಿಸುವ ಕೆಲಸವಿಲ್ಲ, ನಂಬರು ಅದೇ ಇರುತ್ತದೆ, ಬರುವ ಕರೆಗೂ ಕೆಲವು ನಿಮಿಷ ಕೊಟ್ಟಿರುತ್ತಾರೆ. ಫೋನಿನ ಸೆಟ್ಟಿಂಗ್ಸ್ ಮುಟ್ಟಲು ಹೆದರುವ ಹಿರಿಯರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಆದರೆ ಕೊಟ್ಟ ಹಣಕ್ಕೆ ಸಿಗುವ ಡೇಟಾ ಸಾಮಾನ್ಯವಾಗಿ ಬೇರೆ ದಾರಿಗಳಿಗಿಂತ ಕಡಿಮೆ. ಇನ್ನೊಂದು ಸೂಕ್ಷ್ಮವೂ ಇದೆ. ದಿನದ ಲೆಕ್ಕದ ಪ್ಯಾಕುಗಳಲ್ಲಿ ದಿನ ಎಂದರೆ ಚಾಲೂ ಆದ ಹೊತ್ತಿನಿಂದ 24 ಗಂಟೆಯೋ, ಭಾರತದ ಮಧ್ಯರಾತ್ರಿಯವರೆಗೋ ಎಂಬುದನ್ನು ಷರತ್ತಿನಲ್ಲಿ ಓದಿಕೊಳ್ಳಬೇಕು. ಸಿಂಗಾಪುರ, ಮಲೇಷ್ಯಾ ಎರಡರ ಗಡಿಯಾರವೂ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ನಮ್ಮ ಮಧ್ಯರಾತ್ರಿ ಅಲ್ಲಿ ನಸುಕಿನ ಎರಡೂವರೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ಯಾಕಿನ ವಿವರದಲ್ಲಿ ಎರಡು ದೇಶಗಳ ಹೆಸರೂ ಇರಬೇಕು. ಎರಡು ಹೆಸರಿದ್ದರೂ ಸಾಲದು, ಆ ದೇಶದ ಯಾವ ಯಾವ ನೆಟ್‌ವರ್ಕಿಗೆ ಪ್ಯಾಕ್ ಸಲ್ಲುತ್ತದೆ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುವುದನ್ನೂ ಓದಬೇಕು.

ಎರಡನೆಯದು ಆಯಾ ದೇಶದಲ್ಲಿ ಇಳಿದು ಅಲ್ಲಿನ ಪ್ರಿಪೇಯ್ಡ್ ಸಿಮ್ಮು ಕೊಳ್ಳುವುದು. ಸಿಂಗಾಪುರದಲ್ಲಿ ಸಿಂಗ್‌ಟೆಲ್, ಸ್ಟಾರ್‌ಹಬ್, ಎಂ-ಒನ್ ಹಳೆಯ ಹೆಸರುಗಳು, ಸಿಂಬಾ ಹೊಸದು. ಮಲೇಷ್ಯಾದಲ್ಲಿ ಸೆಲ್‌ಕಾಮ್ ಮತ್ತು ಡಿಜಿ 2022ರಲ್ಲಿ ಸೇರಿ ಸೆಲ್‌ಕಾಮ್‌ಡಿಜಿ ಆಗಿವೆ, ಮ್ಯಾಕ್ಸಿಸ್ ಕಂಪನಿಯ ಪ್ರಿಪೇಯ್ಡ್ ಕಾರ್ಡು ಹಾಟ್‌ಲಿಂಕ್ ಎಂಬ ಹೆಸರಿನಲ್ಲಿ ಸಿಗುತ್ತದೆ, ಯು ಮೊಬೈಲ್ ಕೂಡ ಇದೆ. ಎರಡೂ ದೇಶಗಳಲ್ಲಿ ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಿದ ಮೇಲೆಯೇ ಕಾರ್ಡು ಚಾಲೂ ಆಗುತ್ತದೆ. ವೇಗವೂ ಡೇಟಾದ ಪ್ರಮಾಣವೂ ಈ ದಾರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರುತ್ತವೆ, ಮೇಲಾಗಿ ಸ್ಥಳೀಯ ನಂಬರು ಸಿಗುತ್ತದೆ. ಹೋಟೆಲಿನವರು ಅಥವಾ ಟ್ಯಾಕ್ಸಿಯವರು ಕರೆ ಮಾಡಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ. ತೊಂದರೆ ಏನೆಂದರೆ ಏರಿ ದಾಟಿದೊಡನೆ ಮೊದಲ ಕಾರ್ಡು ಕೆಲಸಕ್ಕೆ ಬಾರದಾಗುತ್ತದೆ, ಎರಡನೆಯದು ಇನ್ನೂ ಕೈಯಲ್ಲಿರುವುದಿಲ್ಲ. ಡೇಟಾ ಬಹಳ ಬೇಕಾಗುವುದು ಆ ನಡುವಿನ ಹೊತ್ತಿನಲ್ಲೇ ಎಂಬುದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಇವೆರಡರ ನಡುವಿನದು: ಒಂದು ದೇಶದ ಸಿಮ್ಮು ಕೊಂಡು ಅದನ್ನೇ ಎರಡನೆಯ ದೇಶದಲ್ಲಿಯೂ ರೋಮಿಂಗಿನಲ್ಲಿ ಬಳಸುವುದು. ಸಿಂಗಾಪುರ ಮತ್ತು ಜೋಹೋರ್ ಬಾರು ನಡುವೆ ದಿನವೂ ಲಕ್ಷಾಂತರ ಜನ ಓಡಾಡುವುದರಿಂದ ಇಲ್ಲಿನ ಕಂಪನಿಗಳಿಗೆ ಇದು ಹೊಸ ಬೇಡಿಕೆಯಲ್ಲ. ಸಿಂಗಾಪುರದ ಕೆಲವು ಪ್ರವಾಸಿ ಪ್ಯಾಕುಗಳಲ್ಲಿ ಮಲೇಷ್ಯಾದಲ್ಲಿ ಬಳಸಲೆಂದು ಒಂದಿಷ್ಟು ಡೇಟಾವನ್ನು ಬೇರೆಯಾಗಿ ಇಟ್ಟಿರುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಆ ‘ಬೇರೆಯಾಗಿ’ ಎಂಬ ಮಾತು. ಹಲಗೆಯ ಮೇಲೆ ದೊಡ್ಡದಾಗಿ ಬರೆದ ಜಿಬಿ ಸಿಂಗಾಪುರಕ್ಕೆ ಸೇರಿದ್ದು, ಮಲೇಷ್ಯಾಕ್ಕೆ ಉಳಿಯುವುದು ಅದರಲ್ಲೊಂದು ಸಣ್ಣ ಪಾಲು. ಸಿಂಗಾಪುರದಲ್ಲಿ ಐದು ದಿನವಿದ್ದು ಜೋಹೋರಿಗೆ ಒಂದು ದಿನ ಹೋಗಿಬರುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಮಲೇಷ್ಯಾದಲ್ಲಿ ಒಂದು ವಾರ ಸುತ್ತುವವರಿಗೆ ಸಾಲದು.

ನಾಲ್ಕನೆಯದು ಎರಡೂ ದೇಶಗಳನ್ನು ಒಳಗೊಂಡ ಪ್ರಯಾಣದ ಇ-ಸಿಮ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಇ-ಸಿಮ್ಮಿನ ಒಳಗು

ಇ-ಸಿಮ್ ಎಂದರೆ ಕಾರ್ಡಿನ ಬದಲು ಫೋನಿನೊಳಗೇ ಬೆಸೆದ ಒಂದು ಚಿಪ್ಪು. ಅದರಲ್ಲಿ ಕಂಪನಿಯ ವಿವರಗಳನ್ನು ಇಂಟರ್ನೆಟ್ ಮೂಲಕ ಇಳಿಸಿಕೊಳ್ಳಬಹುದು. ಐಫೋನಿನಲ್ಲಿ ಇದು 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಬಂದಿದೆ. ಆಂಡ್ರಾಯ್ಡಿನಲ್ಲಿ ದುಬಾರಿ ಮಾದರಿಗಳಲ್ಲಿ ಮೊದಲು ಬಂದು ಈಗ ಮಧ್ಯಮ ಬೆಲೆಯವುಗಳಿಗೂ ಇಳಿಯುತ್ತಿದೆ. ನಿಮ್ಮ ಫೋನಿನಲ್ಲಿ ಇದೆಯೇ ಎಂದು ತಿಳಿಯಲು *#06# ಎಂದು ಒತ್ತಿ ನೋಡಿ. ಐಎಂಇಐ ಸಂಖ್ಯೆಯ ಜೊತೆಗೆ ಇಐಡಿ ಎಂಬ 32 ಅಂಕಿಗಳ ಸಂಖ್ಯೆಯೂ ಕಂಡರೆ ಫೋನಿನಲ್ಲಿ ಇ-ಸಿಮ್ ಇದೆ.

ಪ್ರಯಾಣದ ಇ-ಸಿಮ್ ಮಾರುವ ಸಂಸ್ಥೆಗಳಲ್ಲಿ ಹೆಚ್ಚಿನವುಗಳಿಗೆ ಸ್ವಂತ ಟವರುಗಳಿರುವುದಿಲ್ಲ. ಅವು ಯಾವುದೋ ಮೂರನೆಯ ದೇಶದ ಕಂಪನಿಯ ಸಿಮ್ ವಿವರವನ್ನು ಸಗಟಾಗಿ ಕೊಂಡು ನಮಗೆ ಚಿಲ್ಲರೆಯಾಗಿ ಮಾರುತ್ತವೆ. ಅಂದರೆ ಆ ಇ-ಸಿಮ್ ಸಿಂಗಾಪುರದಲ್ಲಿಯೂ ಪರದೇಶಿ, ಮಲೇಷ್ಯಾದಲ್ಲಿಯೂ ಪರದೇಶಿ. ಎರಡೂ ಕಡೆ ಅದು ರೋಮಿಂಗಿನಲ್ಲೇ ಇರುತ್ತದೆ. ಅದರ ಬಲವೂ ಇದೇ, ಗೊಂದಲದ ಮೂಲವೂ ಇದೇ. ಬಲ ಏಕೆಂದರೆ ಸುಂಗೈ ಬುಲೋದಲ್ಲಿ ಫೋನು ಯಾವ ದಡದ ಟವರನ್ನು ಹಿಡಿದರೂ ಲೆಕ್ಕ ಒಂದೇ ಚೀಲದಿಂದ ಹೋಗುತ್ತದೆ, ಏರಿ ದಾಟುವಾಗ ನಾವು ಏನೂ ಮಾಡಬೇಕಿಲ್ಲ. ಒಳ್ಳೆಯ ಪ್ಯಾಕುಗಳಲ್ಲಿ ಒಂದೊಂದು ದೇಶದಲ್ಲಿ ಎರಡು ಮೂರು ನೆಟ್‌ವರ್ಕುಗಳ ಜೊತೆ ಒಪ್ಪಂದವಿರುವುದರಿಂದ, ಮಲೇಷ್ಯಾದ ಕ್ಯಾಮರೂನ್ ಹೈಲ್ಯಾಂಡ್ಸ್ ಗುಡ್ಡಗಳ ತಿರುವಿನಲ್ಲಿ ಒಂದರ ಸಿಗ್ನಲ್ ಸೋತರೆ ಇನ್ನೊಂದನ್ನು ಹಿಡಿಯಬಹುದು. ಕೊಳ್ಳುವ ಮೊದಲು ಯಾವ ನೆಟ್‌ವರ್ಕುಗಳು ಎಂಬ ಪಟ್ಟಿಯನ್ನು ನೋಡುವುದು ಜಿಬಿ ನೋಡುವುದಕ್ಕಿಂತ ಮುಖ್ಯವೆಂದು ನಾನು ತಿಳಿದಿದ್ದೇನೆ.

ಗೊಂದಲ ಇರುವುದು ಡೇಟಾ ರೋಮಿಂಗ್ ಎಂಬ ಗುಂಡಿಯಲ್ಲಿ. ವಿದೇಶಕ್ಕೆ ಹೋದಾಗ ಅದನ್ನು ಮುಟ್ಟಲೇಬೇಡಿ ಎಂದು ಎಲ್ಲರೂ ಹೇಳಿ ಕಳಿಸಿರುತ್ತಾರೆ. ಫೋನಿನಲ್ಲಿ ಎರಡು ಸಿಮ್ ಇದ್ದರೆ ಆ ಗುಂಡಿಯೂ ಎರಡಿರುತ್ತದೆ. ಭಾರತೀಯ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇರಬೇಕು, ಇ-ಸಿಮ್ಮಿನ ಡೇಟಾ ರೋಮಿಂಗ್ ಆನ್ ಇರಬೇಕು. ಇ-ಸಿಮ್ ಹುಟ್ಟಿನಿಂದಲೇ ರೋಮಿಂಗಿನದಾದ್ದರಿಂದ ಅದು ಆಫ್ ಇದ್ದರೆ ಸಿಗ್ನಲ್ಲಿನ ಗೆರೆಗಳು ಪೂರ್ತಿ ಕಂಡರೂ ಒಂದು ಮೆಸೇಜೂ ಹೋಗದು. ಹಣ ಕೊಟ್ಟು ಕೊಂಡ ಇ-ಸಿಮ್ ಕೆಲಸ ಮಾಡುತ್ತಿಲ್ಲ ಎಂದು ಚಾಂಗಿ ವಿಮಾನ ನಿಲ್ದಾಣದಲ್ಲಿ ಗಾಬರಿಯಾಗಿ ನಿಂತವರ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಾಗಲೆಲ್ಲ ನನಗೆ ಹೆಚ್ಚಾಗಿ ಸಿಕ್ಕಿರುವುದು ಈ ಒಂದು ಗುಂಡಿಯೇ. ಐಫೋನಿನಲ್ಲಿ ಇನ್ನೂ ಒಂದು ಗುಂಡಿಯಿದೆ: ಒಂದು ಸಿಮ್ಮಿನ ಡೇಟಾ ಸೋತಾಗ ಇನ್ನೊಂದಕ್ಕೆ ತಾನಾಗಿಯೇ ಹೊರಳಲು ಅನುಮತಿ ಕೊಡುವುದು. ಪ್ರವಾಸದಲ್ಲಿ ಅದನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ಇ-ಸಿಮ್ ತಡವರಿಸಿದ ಹೊತ್ತಿನಲ್ಲಿ ಫೋನು ಭಾರತೀಯ ಸಿಮ್ಮಿನ ಡೇಟಾಕ್ಕೆ ಕೈಹಾಕಲು ನೋಡುತ್ತದೆ.

ಭಾರತದಲ್ಲಿ ಕುಳಿತು ಇ-ಸಿಮ್ ಕೊಳ್ಳುವವರು ತಿಳಿದಿರಬೇಕಾದ ಕಾನೂನಿನ ಮಾತೊಂದಿದೆ. ವಿದೇಶಿ ನೆಟ್‌ವರ್ಕಿನ ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. 2024ರ ಜನವರಿಯಲ್ಲಿ ಏರಾಲೊ ಮತ್ತು ಹೋಲಾಫ್ಲೈ ಎಂಬ ಎರಡು ಹೆಸರಾಂತ ಇ-ಸಿಮ್ ಆ್ಯಪುಗಳನ್ನು ಆ್ಯಪಲ್ ಮತ್ತು ಗೂಗಲ್ ತಮ್ಮ ಭಾರತೀಯ ಆ್ಯಪ್ ಅಂಗಡಿಗಳಿಂದ ತೆಗೆದದ್ದು ಇದೇ ಕಾರಣಕ್ಕೆ. ಆದ್ದರಿಂದ ಯೂಟ್ಯೂಬಿನಲ್ಲಿ ವಿದೇಶಿಯೊಬ್ಬರು ಹೊಗಳಿದ ಆ್ಯಪು ನಿಮಗೆ ಸಿಗದಿದ್ದರೆ ಅಡ್ಡದಾರಿ ಹುಡುಕಬೇಡಿ. ಅನುಮತಿ ಪಡೆದ ಮಾರಾಟಗಾರರು ಇಲ್ಲಿಯೇ ಇದ್ದಾರೆ, ಅವರು ಪಾಸ್‌ಪೋರ್ಟಿನ ಪ್ರತಿ ಕೇಳುತ್ತಾರೆ. ಕೇಳಿದರೆ ಅನುಮಾನಪಡುವ ಅಗತ್ಯವಿಲ್ಲ, ಅದು ನಿಯಮ.

ಇ-ಸಿಮ್ಮನ್ನು ಫೋನಿಗೆ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಹಾಗಾಗಿ ಅದನ್ನು ಮನೆಯ ವೈಫೈಯಲ್ಲೇ ಮಾಡಿ ಮುಗಿಸಬೇಕು. ಇಳಿಸಲು ಮಾರಾಟಗಾರರು ಕಳಿಸುವ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ, ಒಂದೇ ಫೋನಿಗೆ. ಇಳಿಸಿದ್ದನ್ನು ಅಳಿಸಿಬಿಟ್ಟರೆ ಮತ್ತೆ ಇಳಿಸಲು ಬಹುತೇಕ ಆಗುವುದಿಲ್ಲ. ವ್ಯಾಲಿಡಿಟಿ ಶುರುವಾಗುವುದು ಇಳಿಸಿಕೊಂಡ ದಿನದಿಂದಲೋ, ಅಲ್ಲಿನ ನೆಟ್‌ವರ್ಕನ್ನು ಮೊದಲು ಹಿಡಿದ ಹೊತ್ತಿನಿಂದಲೋ ಎಂಬುದು ಮಾರಾಟಗಾರರಿಂದ ಮಾರಾಟಗಾರರಿಗೆ ಬೇರೆ. ಏಳು ದಿನದ ಪ್ಯಾಕನ್ನು ಎರಡು ದಿನ ಮೊದಲೇ ಇಳಿಸಿ ಐದೇ ದಿನ ಬಳಸಿದ ಉದಾಹರಣೆ ಗೆಳೆಯರ ಬಳಗದಲ್ಲೇ ಇದೆ.

ಭಾರತದ ನಂಬರನ್ನು ಉಳಿಸಿಕೊಳ್ಳುವುದು

ಡೇಟಾಕ್ಕೆ ಯಾವ ದಾರಿ ಹಿಡಿದರೂ ಭಾರತೀಯ ಸಿಮ್ಮನ್ನು ಫೋನಿನಿಂದ ತೆಗೆಯಬೇಡಿ. ಹೋಟೆಲಿಗೆ ಕಾರ್ಡಿನಿಂದ ಹಣ ಕೊಡುವಾಗ, ವಿಮಾನದ ಟಿಕೆಟ್ ಬದಲಿಸುವಾಗ ಬ್ಯಾಂಕಿನ ಓಟಿಪಿ ಬರುವುದು ಆ ನಂಬರಿಗೆ. ಯುಪಿಐ ಆ್ಯಪುಗಳು ಸಿಮ್ಮಿಗೂ ಫೋನಿಗೂ ಗಂಟು ಹಾಕಿ ನೋಂದಾಯಿಸಿಕೊಂಡಿರುತ್ತವೆ. ಸಿಮ್ಮು ಕಾಣದಾದರೆ ಅವು ಮತ್ತೆ ನೋಂದಣಿ ಕೇಳಬಹುದು, ಅದಕ್ಕೆ ಆ ನಂಬರಿನಿಂದ ಎಸ್ಸೆಮ್ಮೆಸ್ ಹೊರಡಬೇಕು. ವಿದೇಶದಿಂದ ಆ ಎಸ್ಸೆಮ್ಮೆಸ್ಸಿಗೆ ರೋಮಿಂಗ್ ದರ ಬೀಳುತ್ತದೆ, ಎಷ್ಟೋ ಸಲ ಅದು ತಲುಪುವುದೂ ಇಲ್ಲ.

ಓಟಿಪಿ ಬರಬೇಕಾದರೆ ಭಾರತೀಯ ಸಿಮ್ಮು ಅಲ್ಲಿನ ಯಾವುದಾದರೊಂದು ನೆಟ್‌ವರ್ಕನ್ನು ಹಿಡಿದಿರಬೇಕು, ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಆ ನಂಬರಿನಲ್ಲಿ ಚಾಲೂ ಇರಬೇಕು. ಇದು ಫೋನಿನ ಡೇಟಾ ರೋಮಿಂಗ್ ಗುಂಡಿಗಿಂತ ಬೇರೆಯದು. ಕಂಪನಿಯ ಆ್ಯಪಿನಲ್ಲಿ ಅಥವಾ ಗ್ರಾಹಕ ಸೇವೆಯಲ್ಲಿ ಹೊರಡುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು, ಪ್ರಿಪೇಯ್ಡ್ ನಂಬರುಗಳಿಗೆ ಸಣ್ಣದೊಂದು ರೀಚಾರ್ಜ್ ಬೇಕಾಗಬಹುದು. ಹೀಗೆ ಮಾಡಿದರೆ ಡೇಟಾ ಆಫ್ ಇದ್ದರೂ ಎಸ್ಸೆಮ್ಮೆಸ್ ಬರುತ್ತದೆ. ಬರುವ ಕರೆಯನ್ನು ಎತ್ತಿದರೆ ಮಾತ್ರ ಪ್ಯಾಕ್ ಇಲ್ಲದವರಿಗೆ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ. ವಾಟ್ಸ್‌ಆ್ಯಪ್ ಭಾರತದ ನಂಬರಿನಲ್ಲೇ ಮುಂದುವರಿಯುತ್ತದೆ. ಹೊಸ ಸಿಮ್ ಕಂಡಾಗ ನಂಬರು ಬದಲಿಸಬೇಕೇ ಎಂದು ಕೇಳಿದರೆ ಬೇಡ ಎಂದರಾಯಿತು.

ಹಳೆಯ ಫೋನು ಇಟ್ಟುಕೊಂಡಿರುವ ಹಿರಿಯರು ಜೊತೆಯಲ್ಲಿದ್ದರೆ ಇನ್ನೊಂದನ್ನು ನೋಡಬೇಕು. ಸಿಂಗಾಪುರ 2017ರ ಏಪ್ರಿಲ್‌ನಲ್ಲಿ 2ಜಿಯನ್ನೂ, 2024ರಲ್ಲಿ 3ಜಿಯನ್ನೂ ನಿಲ್ಲಿಸಿದೆ. ಅಲ್ಲೀಗ 4ಜಿಗಿಂತ ಕೆಳಗಿನದು ಇಲ್ಲ, ಸಾಧಾರಣ ಕರೆ ಮಾಡಲೂ ವೋಲ್ಟೆ, ಅಂದರೆ 4ಜಿಯ ಮೂಲಕವೇ ಕರೆ ಸಾಗಿಸುವ ಸೌಲಭ್ಯ ಬೇಕು. ಗುಂಡಿ ಒತ್ತುವ ಹಳೆಯ ಫೋನು ಅಲ್ಲಿ ಬರಿಯ ಗಡಿಯಾರವಾಗಿ ಉಳಿಯುತ್ತದೆ. ಮಲೇಷ್ಯಾ 2021ರ ಕೊನೆಯ ಹೊತ್ತಿಗೆ 3ಜಿಯನ್ನು ನಿಲ್ಲಿಸಿದರೂ 2ಜಿಯನ್ನು ಉಳಿಸಿಕೊಂಡಿದೆ. ಹೀಗಾಗಿ ಜೋಹೋರಿನಲ್ಲಿ ಮಾತಾಡಲು ಬರುವ ಫೋನು ಏರಿಯ ಈಚೆ ಮೂಕವಾಗಬಹುದು.

ಎಷ್ಟು ಜಿಬಿ ಸಾಕು

ಈ ಲೆಕ್ಕ ಜನ ಅಂದುಕೊಂಡಷ್ಟು ಕಷ್ಟವಲ್ಲ. ನಕ್ಷೆ ನೋಡುತ್ತ ನಡೆಯುವುದಕ್ಕೆ ಗಂಟೆಗೆ ಕೆಲವೇ ಎಂಬಿ ಸಾಕು, ಗ್ರ್ಯಾಬ್ ಆ್ಯಪಿನಲ್ಲಿ ಟ್ಯಾಕ್ಸಿ ಕರೆಯುವುದು, ಮೆಸೇಜು ಕಳಿಸುವುದು ಲೆಕ್ಕಕ್ಕೇ ಬಾರದು. ಅರ್ಧ ಗಂಟೆಯ ವಾಟ್ಸ್‌ಆ್ಯಪ್ ವಿಡಿಯೊ ಕರೆಗೆ ಸುಮಾರು 150 ಎಂಬಿ. ಮಧ್ಯಮ ಗುಣಮಟ್ಟದ ಯೂಟ್ಯೂಬ್ ಒಂದು ಗಂಟೆಗೆ ಅರ್ಧ ಜಿಬಿಯ ಆಸುಪಾಸು, ಎಚ್‌ಡಿ ಆದರೆ ಒಂದು ಜಿಬಿ ದಾಟುತ್ತದೆ. ಚೀಲಕ್ಕೆ ತೂತು ಬೀಳುವುದು ನಾವು ನೋಡುತ್ತಿಲ್ಲದ ಕೆಲಸದಿಂದ. ಫೋನಿನಲ್ಲಿ ಒಂದು ನಿಮಿಷದ 4ಕೆ ವಿಡಿಯೊ ತೆಗೆದರೆ ಅದು 170ರಿಂದ 400 ಎಂಬಿಯಷ್ಟಾಗುತ್ತದೆ, ಅಂಥ ಹತ್ತು ವಿಡಿಯೊ ತೆಗೆದ ಸಂಜೆ ಕ್ಲೌಡ್ ಬ್ಯಾಕಪ್ ಮೊಬೈಲ್ ಡೇಟಾದಲ್ಲಿ ಓಡಲು ಬಿಟ್ಟಿದ್ದರೆ ವಾರದ ಪ್ಯಾಕ್ ಒಂದೇ ರಾತ್ರಿಯಲ್ಲಿ ಬರಿದಾಗುತ್ತದೆ. ಬ್ಯಾಕಪ್ಪನ್ನೂ ಆ್ಯಪ್ ಅಪ್‌ಡೇಟುಗಳನ್ನೂ ವೈಫೈಗೆ ಮಾತ್ರ ಕಟ್ಟಿಹಾಕಿ ಹೊರಟರೆ, ರೀಲ್ಸ್ ನೋಡದ ಒಬ್ಬರಿಗೆ ದಿನಕ್ಕೆ ಅರ್ಧ ಜಿಬಿಯಿಂದ ಮುಕ್ಕಾಲು ಜಿಬಿ ಸಾಕೆಂಬುದು ನನ್ನ ಅನುಭವ. ನೋಡುವವರಿಗೆ ಒಂದೂವರೆ, ಎರಡು ಜಿಬಿ ಬೇಕು. ನಿಮ್ಮ ಅಂಕಿ ಬೇಕಿದ್ದರೆ ಊರಿನಲ್ಲೇ ಒಂದು ದಿನ ವೈಫೈ ಆಫ್ ಮಾಡಿ ಓಡಾಡಿ, ರಾತ್ರಿ ಸೆಟ್ಟಿಂಗ್ಸಿನಲ್ಲಿ ಡೇಟಾ ಬಳಕೆ ನೋಡಿ.

ಅನ್‌ಲಿಮಿಟೆಡ್ ಎಂದು ಬರೆದ ಪ್ಯಾಕುಗಳಲ್ಲಿ ದಿನಕ್ಕೆ ಇಷ್ಟು ಜಿಬಿಯ ನಂತರ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ನಿಜವಾದ ಷರತ್ತು. 128 ಕೆಬಿಪಿಎಸ್‌ಗೆ ಇಳಿದ ಮೇಲೆ ಮೆಸೇಜು ಹೋದೀತು, ನಕ್ಷೆ ತೆರೆದುಕೊಳ್ಳಲು ಕಾಯಬೇಕು, ವಿಡಿಯೊ ಕರೆಯ ಆಸೆ ಬಿಡಬೇಕು. ಕುಟುಂಬದಲ್ಲಿ ಒಬ್ಬರ ಫೋನಿಗೆ ದೊಡ್ಡ ಪ್ಯಾಕ್ ಹಾಕಿ ಉಳಿದವರಿಗೆ ಹಾಟ್‌ಸ್ಪಾಟ್ ಕೊಡುವ ಯೋಚನೆ ಇದ್ದರೆ, ಆ ಪ್ಯಾಕ್ ಹಾಟ್‌ಸ್ಪಾಟಿಗೆ ಅವಕಾಶ ಕೊಡುತ್ತದೆಯೇ ಎಂದು ಕೇಳಿ. ಕೊಟ್ಟರೂ ನಾನು ಎರಡು ಫೋನುಗಳಿಗೆ ಬೇರೆ ಬೇರೆ ಪ್ಯಾಕ್ ಹಾಕಿಸುತ್ತೇನೆ. ಜನಜಂಗುಳಿಯ ಚೆಕ್‌ಪೋಸ್ಟಿನಲ್ಲಿ ಕುಟುಂಬ ಬೇರೆ ಬೇರೆ ಸಾಲಿಗೆ ಹಂಚಿಹೋದಾಗ ಹಾಟ್‌ಸ್ಪಾಟು ಯಾರ ಬಳಿಯಿದೆಯೋ ಅವರನ್ನೇ ಹುಡುಕಬೇಕಾಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಡೇಟಾ ಹಾದುಹೋಗುವ ದಾರಿಯೂ ಮೂರು ಬಗೆಯಲ್ಲಿ ಬೇರೆ ಬೇರೆ. ಭಾರತೀಯ ರೋಮಿಂಗಿನಲ್ಲಿ ಕೌಲಾಲಂಪುರದಿಂದ ಹೊರಟ ಡೇಟಾ ಸಾಮಾನ್ಯವಾಗಿ ಮೊದಲು ಭಾರತಕ್ಕೆ ಬಂದು ಇಲ್ಲಿಂದ ಇಂಟರ್ನೆಟ್ಟಿಗೆ ಸೇರುತ್ತದೆ. ತುಸು ನಿಧಾನ ಅನ್ನಿಸಿದರೂ ಬ್ಯಾಂಕಿನ ಆ್ಯಪಿಗೆ ನೀವು ಭಾರತದಲ್ಲೇ ಇದ್ದಂತೆ ಕಾಣುತ್ತೀರಿ. ಸ್ಥಳೀಯ ಸಿಮ್ಮಿನಲ್ಲಿ ಅಲ್ಲಿಂದಲೇ ನೇರವಾಗಿ ಸೇರುತ್ತದೆ. ಇ-ಸಿಮ್ಮಿನಲ್ಲಿ ಮೂರನೆಯ ದೇಶವೊಂದರ ಮೂಲಕ ಹೋಗಬಹುದು, ಆಗ ಯಾವುದಾದರೂ ಆ್ಯಪು ಅಪರಿಚಿತ ಜಾಗವೆಂದು ಹೆಚ್ಚುವರಿ ದೃಢೀಕರಣ ಕೇಳಿದರೆ ಗಾಬರಿಯಾಗಬೇಕಿಲ್ಲ. ಓಟಿಪಿಗೆ ಭಾರತೀಯ ಸಿಮ್ಮು ಬೇಕೆಂದು ಹೇಳಿದ್ದು ಇಂಥ ಗಳಿಗೆಗೂ ಸೇರಿ.

ಯಾರಿಗೆ ಯಾವುದು

ಹತ್ತು ದಿನದೊಳಗಿನ ಪ್ರವಾಸ, ಎರಡೂ ದೇಶಗಳಲ್ಲಿ ಕೆಲವು ದಿನ, ಇ-ಸಿಮ್ ಇರುವ ಫೋನು: ಎರಡನ್ನೂ ಒಳಗೊಂಡ ಇ-ಸಿಮ್ಮನ್ನೇ ನಾನು ಆರಿಸುವೆ. ಸ್ಥಳೀಯ ಕಾರ್ಡಿಗಿಂತ ಜಿಬಿ ಕಡಿಮೆ ಸಿಕ್ಕರೂ ಗಡಿಯ ಗೋಜಲು ಇಲ್ಲದಿರುವುದಕ್ಕೆ ಆ ಹಣ ಸಲ್ಲುತ್ತದೆ. ಇ-ಸಿಮ್ ಇಲ್ಲದ ಫೋನಿನಲ್ಲಿ ಎರಡು ಸಿಮ್ ಕಿಂಡಿಗಳಿದ್ದರೆ, ಒಂದರಲ್ಲಿ ಭಾರತದ್ದನ್ನು ಉಳಿಸಿ ಇನ್ನೊಂದಕ್ಕೆ ಮಲೇಷ್ಯಾಕ್ಕೂ ಡೇಟಾ ಕೊಡುವ ಸಿಂಗಾಪುರದ ಪ್ರವಾಸಿ ಕಾರ್ಡು ಹಾಕಬಹುದು. ಒಂದೇ ಕಿಂಡಿ ಇದ್ದರೆ, ಅಥವಾ ಬಳಸುವವರು ಸೆಟ್ಟಿಂಗ್ಸಿನ ಸಹವಾಸವೇ ಬೇಡವೆನ್ನುವ ಹಿರಿಯರಾಗಿದ್ದರೆ, ಎರಡೂ ದೇಶಗಳ ಹೆಸರಿರುವ ಭಾರತೀಯ ರೋಮಿಂಗ್ ಪ್ಯಾಕ್ ಸರಿ. ಮಗಳ ಮನೆಗೋ ಮಗನ ಮನೆಗೋ ಹೋಗಿ ಸಿಂಗಾಪುರದಲ್ಲಿ ಒಂದು ತಿಂಗಳು ಉಳಿಯುವ ತಂದೆತಾಯಂದಿರಿಗೆ ಅಲ್ಲಿನ ಪ್ರಿಪೇಯ್ಡ್ ಕಾರ್ಡೇ ಸರಿ. ಎರಡು ದಿನದ ಮಲಕ್ಕಾ ಓಡಾಟಕ್ಕೆ ಅದಕ್ಕೇ ರೋಮಿಂಗ್ ಸೇರಿಸಿಕೊಳ್ಳಬಹುದು.

ಏರಿ ದಾಟುವ ದಿನ

ಸಿಂಗಾಪುರದಿಂದ ಹೊರಟ ಬಸ್ಸು ವುಡ್‌ಲ್ಯಾಂಡ್ಸ್ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತದೆ. ಎಲ್ಲರೂ ಇಳಿದು, ಪಾಸ್‌ಪೋರ್ಟ್ ತೋರಿಸಿ, ಮತ್ತೆ ಬಸ್ಸು ಹತ್ತಿ, ಏರಿ ದಾಟಿ, ಜೋಹೋರ್ ಬಾರುವಿನ ಸುಲ್ತಾನ್ ಇಸ್ಕಂದರ್ ಕಟ್ಟಡದಲ್ಲಿ ಮತ್ತೊಮ್ಮೆ ಇಳಿಯಬೇಕು. ವಾರಾಂತ್ಯದಲ್ಲಿ ಈ ಎರಡು ಕಟ್ಟಡಗಳ ನಡುವಿನ ಒಂದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮಲೇಷ್ಯಾದ ಡಿಜಿಟಲ್ ಆಗಮನ ಪತ್ರ 2024ರ ಜನವರಿ 1ರಿಂದ ಕಡ್ಡಾಯ. ಪ್ರವೇಶಕ್ಕೆ ಮೂರು ದಿನ ಮೊದಲಿನಿಂದ ಅದನ್ನು ಆನ್‌ಲೈನಿನಲ್ಲಿ ತುಂಬಬಹುದು, ಸಾಲಿನಲ್ಲಿ ನಿಂತಾಗ ಅದರ ಪ್ರತಿ ಕೈಯಲ್ಲಿರಬೇಕು. ಬಸ್ಸಿನ ಟಿಕೆಟ್ಟೂ ಫೋನಿನಲ್ಲಿ, ಆಚೆ ಬದಿಯಲ್ಲಿ ಬಸ್ಸು ತಪ್ಪಿಸಿಕೊಂಡವರನ್ನು ಹುಡುಕುವ ಚಾಲಕನ ಮೆಸೇಜೂ ಫೋನಿನಲ್ಲಿ. ಎರಡು ಸ್ಥಳೀಯ ಕಾರ್ಡುಗಳ ದಾರಿ ಹಿಡಿದವರು ಡೇಟಾ ಇಲ್ಲದೆ ನಿಲ್ಲುವುದು ಇಲ್ಲಿಯೇ. ಆಗಮನ ಪತ್ರ, ಟಿಕೆಟ್ಟು, ಹೋಟೆಲಿನ ವಿಳಾಸ ಮೂರರ ಸ್ಕ್ರೀನ್‌ಶಾಟನ್ನೂ, ಜೋಹೋರ್ ಮತ್ತು ಮುಂದಿನ ಊರಿನ ಆಫ್‌ಲೈನ್ ನಕ್ಷೆಯನ್ನೂ ಹೋಟೆಲಿನ ವೈಫೈಯಲ್ಲೇ ಇಳಿಸಿಟ್ಟುಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ.

ಜೋಹೋರ್ ಕಡೆಯ ಕಟ್ಟಡ ಬಿಟ್ಟು ಹೊರಬಂದಾಗ ಪರದೆಯ ಮೇಲಂಚನ್ನು ಒಮ್ಮೆ ನೋಡಿ. ಇನ್ನೂ ಸಿಂಗಾಪುರದ ನೆಟ್‌ವರ್ಕಿನ ಹೆಸರೇ ಇದ್ದು, ಸಿಗ್ನಲ್ ಒಂದೆರಡು ಗೆರೆಗೆ ಇಳಿದಿದ್ದರೆ ಏರ್‌ಪ್ಲೇನ್ ಮೋಡನ್ನು ಹಾಕಿ ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಹಿಡಿದ ದಾರವನ್ನು ಹೀಗೆ ಬಿಡಿಸಿದ ಮೇಲೆ ಫೋನು ಹೊಸದಾಗಿ ಹುಡುಕಿ, ಹತ್ತಿರದಲ್ಲಿ ಗಟ್ಟಿಯಾಗಿ ಕೇಳಿಸುವ ಮಲೇಷ್ಯಾದ ಟವರನ್ನು ಸಾಮಾನ್ಯವಾಗಿ ಹಿಡಿಯುತ್ತದೆ. ಒಂದೇ ದೇಶದ ಪ್ಯಾಕ್ ಇದ್ದು ಸುಂಗೈ ಬುಲೋ ಅಥವಾ ಉಬಿನ್ ಕಡೆ ಹೋಗುವವರು ಇದಕ್ಕೆ ತದ್ವಿರುದ್ಧ ಮಾಡಬೇಕು: ಸೆಟ್ಟಿಂಗ್ಸಿನಲ್ಲಿ ನೆಟ್‌ವರ್ಕಿನ ತಾನಾಗಿ ಆಯ್ಕೆಯನ್ನು ಆಫ್ ಮಾಡಿ, ಪಟ್ಟಿಯಲ್ಲಿ ಸಿಂಗಾಪುರದ ಹೆಸರನ್ನು ಕೈಯಾರೆ ಆರಿಸಿಟ್ಟರೆ ಫೋನು ಆಚೆ ದಡಕ್ಕೆ ಹೋಗುವುದಿಲ್ಲ, ಸಿಗ್ನಲ್ ಹೋದರೆ ಸುಮ್ಮನಿರುತ್ತದೆ. ಆ ಕಡೆಯಿಂದ ಮರಳಿದ ಮೇಲೆ ತಾನಾಗಿ ಆಯ್ಕೆಯನ್ನು ಮತ್ತೆ ಆನ್ ಮಾಡುವುದನ್ನು ಮರೆಯಬಾರದು. ಮರೆತರೆ ಬೆಂಗಳೂರಿನಲ್ಲಿ ಇಳಿದಾಗ ಭಾರತೀಯ ಸಿಮ್ಮು, ಇಲ್ಲಿ ಸಿಗದ ಸಿಂಗಾಪುರದ ನೆಟ್‌ವರ್ಕನ್ನೇ ಹುಡುಕುತ್ತ ಸೇವೆ ಲಭ್ಯವಿಲ್ಲ ಎಂದು ತೋರಿಸುತ್ತಿರುತ್ತದೆ. ಅಮ್ಮನನ್ನು ಎರಡನೆಯ ಸಲ ಕರೆದುಕೊಂಡು ಹೋದಾಗ ಅವರ ಫೋನಿನಲ್ಲಿ ಆ ಗುಂಡಿಯನ್ನು ಕೈಯಾರೆ ಇಟ್ಟವನು ನಾನೇ, ವಾಪಸ್ ತಿರುಗಿಸಲು ನೆನಪಿಟ್ಟುಕೊಂಡವರು ಅವರು.